ತೊಲೆಯ ಕೆಳಗಿನ ಮಂಚ

ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಒಂದು ದೊಡ್ಡ ಅನನುಕೂಲವಿದೆ. ಅವನು ನಿಜವಾಗಿ ಅಪಾಯದ ತಪ್ಪನ್ನು ತೋರಿಸಿದ ದಿನ ಯಾರೂ ನಂಬುವುದಿಲ್ಲ. ನಾನು ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದ ಒಂದು ಪಂಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದೆ. ಎರಕ ಹೊಯ್ದ ಕಬ್ಬಿಣದ ಕವಚಗಳು ಒಂದೊಂದಾಗಿ ನನ್ನ ಮೇಜಿಗೆ ಬರುತ್ತಿದ್ದವು. ಅವನ್ನು ತಟ್ಟಿ ಸದ್ದು ಕೇಳಿ, ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಇಡುವುದು ನನ್ನ ಕೆಲಸ. ಈ ಅಭ್ಯಾಸ ಕಾರ್ಖಾನೆಯ ಗೇಟಿನ ಹೊರಗೂ ನನ್ನ ಹಿಂದೆಯೇ ಬರುತ್ತಿತ್ತು. ಸಂತೆಯಲ್ಲಿ ನಾನು ಬದನೆಕಾಯಿ ಆರಿಸಲು ಕೂತರೆ ಅಂಗಡಿಯಾಕೆ ಬೇರೆ ಗಿರಾಕಿಗಳನ್ನು ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮತ್ತೆ ನನ್ನ ಕಡೆ ತಿರುಗಿ, "ಇನ್ನೂ ಆಗಿಲ್ವಾ ಸಾರ್? ಅದೇನು ಹೆಣ್ಣು ನೋಡ್ತಿದ್ದೀರಾ?" ಅನ್ನುತ್ತಿದ್ದಳು. ಇದನ್ನು ಕೇಳಿ ನನ್ನ ಹೆಂಡತಿ ಗಿರಿಜಾ ಒಮ್ಮೆ, "ಹೆಣ್ಣನ್ನ ಇಷ್ಟು ನೋಡ್ಲಿಲ್ಲ ಬಿಡಮ್ಮ. ನೋಡಿದ್ರೆ ನಾನು ಪಾಸಾಗ್ತಿರ್ಲಿಲ್ಲ" ಎಂದು ಹೇಳಿ ನನ್ನ ಕೈಯಲ್ಲಿದ್ದ ಬದನೆಕಾಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದಳು. ಮನೆಗೆ ಹೋಗಿ ಕೊಯ್ದಾಗ ಅದರೊಳಗೆ ಹುಳು ಇತ್ತು. ಆ ಹುಳುವನ್ನು ತೋರಿಸಿದಾಗಲೂ ಅವಳು ನನ್ನನ್ನು ಒಪ್ಪಲಿಲ್ಲ. "ನೀವು ನೋಡ್ತಾ ಇದ್ರಲ್ಲ, ಅದಕ್ಕೇ ಹೆದರಿ ಒಳಗೆ ಹೋಗಿದೆ" ಅಂದಳು.

ಇಂಥ ನಾನು ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟೆ. ತೊಂಬತ್ತರ ದಶಕದ ನಡುವಿನ ಮಾತು. ವೈಟ್‌ಫೀಲ್ಡಿನಲ್ಲಿ ಆಗ ದ್ರಾಕ್ಷಿ ತೋಟಗಳು ಇನ್ನೂ ಇದ್ದವು. ದೊಡ್ಡ ದೊಡ್ಡ ಕಟ್ಟಡಗಳಿಗೆ ಪಾಯ ತೋಡುವ ಯಂತ್ರಗಳು ಆಗತಾನೇ ಬಂದು, ಸಂಜೆ ದನಗಳು ಮನೆಗೆ ಮರಳುವ ದಾರಿಯಲ್ಲಿ ಅಡ್ಡ ನಿಲ್ಲುತ್ತಿದ್ದವು. ನಾವು ದಾವಣಗೆರೆ ಕಡೆಯವರು, ಕಾರ್ಖಾನೆಗೆ ಹತ್ತಿರವೆಂದು ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಗಿರಿಜಾಳಿಗೆ ಮಹಡಿ ಆಗುತ್ತಿರಲಿಲ್ಲ. ನೆಲದ ಮೇಲಿನ ಮನೆ, ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುವಷ್ಟು ಮಣ್ಣು, ಹಿಂದೆ ಒಂದು ಬಾವಿ, ಇವಿಷ್ಟು ಅವಳ ಆಸೆ. ಒಂದು ಭಾನುವಾರ ಸ್ಕೂಟರಿನಲ್ಲಿ ಸುತ್ತುತ್ತಿದ್ದಾಗ ಚರ್ಚಿನ ಹಿಂದಿನ ರಸ್ತೆಯಲ್ಲಿ, ಎರಡು ಮಾವಿನ ಮರಗಳ ಆಚೆ ಅವಳಿಗೆ ಅದು ಕಂಡಿತು. ಮಂಗಳೂರು ಹೆಂಚಿನ ಮಾಡು, ಕಿಟಕಿಗಳ ನೆತ್ತಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ, ಮುಂದೆ ಅಗಲವಾದ ವರಾಂಡ, ಒಳಗೆ ಮುಖ ಕಾಣುವಷ್ಟು ನುಣುಪಾದ ಕೆಂಪು ನೆಲ. ಯಾವುದೋ ಕಾಲದಲ್ಲಿ ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್ ಸಾಹೇಬರೊಬ್ಬರು ಕಟ್ಟಿಸಿದ್ದಂತೆ. ಅವರ ಮನೆಯವರು ಆಸ್ಟ್ರೇಲಿಯಾಕ್ಕೆ ಹೋಗುವಾಗ, ಆ ಮನೆಗೆ ಹಾಲು ಹಾಕುತ್ತಿದ್ದ ಪಕ್ಕದ ಹಳ್ಳಿಯ ಮುನಿವೆಂಕಟಪ್ಪನವರಿಗೆ ಮಾರಿದ್ದರು. ಈಗ ಮುನಿವೆಂಕಟಪ್ಪನವರು ಮಾರುತ್ತಿದ್ದರು. ಗಿರಿಜಾ ಬಾವಿಯೊಳಗೆ ಇಣುಕಿ ನೋಡಿ, "ರೀ, ನೀರು ಐತ್ರಿ" ಅಂದಳು. ಅವಳ ಪಾಲಿಗೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮುನಿವೆಂಕಟಪ್ಪನವರನ್ನು ಊರೆಲ್ಲ ಮುನಿವೆಂಕಟಣ್ಣ ಎಂದೇ ಕರೆಯುತ್ತಿತ್ತು. ಐವತ್ತೈದು ದಾಟಿದ ಗಟ್ಟಿ ಆಳು, ಹೆಗಲ ಮೇಲೆ ಸದಾ ಒಂದು ಹಸಿರು ಟವಲು. ಪ್ರಾಯದಲ್ಲಿ ದನದ ವ್ಯಾಪಾರ ಮಾಡಿದವರು. ಹೊಸೂರಿನಿಂದ ಚಿಂತಾಮಣಿಯವರೆಗೆ ಯಾವ ದನದ ಸಂತೆಯಲ್ಲಿ ಅವರ ಹೆಸರು ಹೇಳಿದರೂ ವ್ಯಾಪಾರಿಗಳು ಜಾಗ ಬಿಡುತ್ತಿದ್ದರಂತೆ. ಇದನ್ನು ಅವರೇ ಹೇಳಿದ್ದು. ಅವರ ಸಂಸಾರ ಹಳ್ಳಿಯ ಮನೆಯಲ್ಲಿತ್ತು. ಈ ಬಂಗಲೆಯನ್ನು ಅವರು ಎರಡೇ ಕೆಲಸಕ್ಕೆ ಬಳಸುತ್ತಿದ್ದರು. ಹಿಂದಿನ ಕೋಣೆಗಳಲ್ಲಿ ರಾಗಿ ಮೂಟೆ ತುಂಬಿಸುವುದು, ಮುಂದಿನ ದೊಡ್ಡ ಕೋಣೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮಲಗುವುದು. ಆ ಕೋಣೆಯಲ್ಲಿ ಒಂದು ಗೋಡೆಯ ಹತ್ತಿರ ಸಾಹೇಬರು ಬಿಟ್ಟುಹೋದ ತೇಗದ ದೊಡ್ಡ ಮಂಚವೊಂದಿತ್ತು. ನಾಲ್ಕು ಮೂಲೆಗೆ ನಾಲ್ಕು ಕಂಬ, ತಲೆಯ ಕಡೆ ಕೆತ್ತಿದ ದ್ರಾಕ್ಷಿ ಗೊಂಚಲು. ಹಿಂದೊಮ್ಮೆ ಎತ್ತು ಒದ್ದು ಅವರ ಸೊಂಟಕ್ಕೆ ಪೆಟ್ಟಾಗಿತ್ತು. ನೆಲದ ಮೇಲೆ ಮಲಗಿದರೆ ಏಳಲಾಗುತ್ತಿರಲಿಲ್ಲ. ಆ ಮಂಚದ ಮೇಲೆ ಬಿದ್ದರೆ ಮಾತ್ರ, ಅವರ ಮಾತಿನಲ್ಲೇ ಹೇಳುವುದಾದರೆ, "ರಾಜ ಮಲಗ್ದಂಗೆ ಮಲಗ್ತೀನಿ."

ಮೊದಲ ದಿನವೇ ಅವರು ನಮ್ಮನ್ನು ವರಾಂಡದಲ್ಲಿ ಕೂರಿಸಿ ತಮ್ಮ ವ್ಯಾಪಾರದ ಧರ್ಮವನ್ನು ವಿವರಿಸಿದರು. ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೂ ಒಂದು ಟವಲು ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುವುದು, ಬೆರಳು ಹಿಡಿದೇ ಬೇಡವೆನ್ನುವುದು. ಮೇಲೆ ಮಾತ್ರ ಕೊಳ್ಳುವವನು ದನವನ್ನು ಬಾಯಿಗೆ ಬಂದಂತೆ ಹಳಿಯುತ್ತಿರಬೇಕು. "ಸುಳಿ ಸರಿಯಿಲ್ಲ, ಅಲ್ಲು ಸವೆದೈತೆ, ಕೋಡು ಓರೆ, ಇದ್ನ ಕಟ್ಕೊಂಡ್ರೆ ಮನೆ ಆಳಾಗೋಯ್ತದೆ ಅಂತ ನಾನೇ ಎಷ್ಟ್ ಏಳಿಲ್ಲ ಸಾರ್! ಏಳ್ದೆ ಓದ್ರೆ ಮಾರೋನಿಗೇ ಅವಮಾನ. ಇವ್ನಿಗೆ ನನ್ ದನ ಬೇಕಾಗಿಲ್ಲ ಅಂದ್ಕೊಂಡ್ಬುಡ್ತಾನೆ." ಕೊನೆಗೆ ಅವರು ಹೆಮ್ಮೆಯಿಂದ ಇನ್ನೊಂದು ಮಾತು ಹೇಳಿದರು. "ಆದ್ರೆ ಒಂದ್ಸಲ ಮುಂಗಡ ಇಸ್ಕಂಡ್ರೆ ಮುಗೀತು. ಆ ಅಸು ನಂದಲ್ಲ. ಗಿರಾಕಿ ಬಂದು ಒಡ್ಕಂಡೋಗೋವರ್ಗೂ ಮೇವು ಆಕ್ತೀನಿ. ಒಂದು ಲೋಟ ಆಲೂ ಕರ್ಕಳಾಕಿಲ್ಲ." ನಾನು ಆ ಹೊತ್ತಿಗೆ ವರಾಂಡದ ಕಂಬವೊಂದನ್ನು ಗೆಣ್ಣಿನಿಂದ ತಟ್ಟುತ್ತಿದ್ದುದರಿಂದ ಈ ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತಾದರೂ ಒಳಗೆ ಇಳಿಯಲಿಲ್ಲ. ಗಿರಿಜಾ ಕೇಳಿಸಿಕೊಂಡಿದ್ದಳು.

ಮನೆಯನ್ನು ಕೊಳ್ಳುವ ಮೊದಲು ಕಟ್ಟಡದ ಪರೀಕ್ಷೆ ಮಾಡಿಸುತ್ತೇನೆ ಎಂದು ನಾನು ಹೇಳಿದಾಗ ಎಲ್ಲರಿಗೂ ನಗು ಬಂತು. ಆ ಕಾಲದಲ್ಲಿ ಮನೆ ಕೊಳ್ಳುವವರು ಪತ್ರ ತೋರಿಸಲು ವಕೀಲರ ಹತ್ತಿರ ಹೋಗುತ್ತಿದ್ದರು, ದಿಕ್ಕು ತೋರಿಸಲು ಜೋಯಿಸರ ಹತ್ತಿರ ಹೋಗುತ್ತಿದ್ದರು. ಗೋಡೆ ಮಾಡುಗಳನ್ನು ಯಾರೂ ಯಾರಿಗೂ ತೋರಿಸುತ್ತಿರಲಿಲ್ಲ. ನನ್ನ ಮಾವನವರು ಫೋನಿನಲ್ಲಿ, "ಅಲ್ಲಪ್ಪಾ, ಬಾಗಿಲು ಯಾವ ಕಡೆ ಐತಿ ಅದನ್ನು ಹೇಳು ಮೊದ್ಲು" ಅಂದರು. ಪೂರ್ವಕ್ಕೆ ಎಂದೆ. "ಮತ್ತೇನು ಪರೀಕ್ಷೆ?" ಅಂದು ಇಟ್ಟುಬಿಟ್ಟರು. ಮುನಿವೆಂಕಟಣ್ಣನವರು ಮಾತ್ರ ನಗಲಿಲ್ಲ. ಅವರ ಕಣ್ಣಲ್ಲಿ ನನ್ನ ಬಗ್ಗೆ ಮೊದಲ ಬಾರಿಗೆ ಗೌರವ ಕಂಡಿತು. ಸಂತೆಗೆ ಹೋಗುವಾಗ ಹಲ್ಲು ನೋಡುವ ಅನುಭವಸ್ಥನನ್ನು ಜೊತೆಗೆ ಕರೆದೊಯ್ಯುವುದು ಅವರಿಗೆ ಗೊತ್ತಿದ್ದ ಪದ್ಧತಿ. "ಕರ್ಕಂಡ್ ಬನ್ನಿ ಸಾರ್, ನಿಮ್ಮೋರನ್ನ. ಎಷ್ಟು ಬೇಕೋ ಅಷ್ಟು ಬಯ್ಲಿ" ಎಂದರು.

ನಾನು ಕರೆದುಕೊಂಡು ಹೋದದ್ದು ಶೇಷಗಿರಿರಾಯರನ್ನು. ಸರ್ಕಾರದಲ್ಲಿ ಸೇತುವೆಗಳನ್ನು ಕಟ್ಟಿಸಿ ನಿವೃತ್ತರಾದ ಇಂಜಿನಿಯರು, ನಮ್ಮ ಕಾರ್ಖಾನೆಯ ಶೆಡ್ಡಿನ ಕಂಬಗಳನ್ನು ನೋಡಲು ಬಂದಾಗ ಪರಿಚಯವಾದವರು. ಅವರು ಒಂದು ಸಣ್ಣ ಸುತ್ತಿಗೆ, ತೂಕದ ಗುಂಡು ಕಟ್ಟಿದ ದಾರ, ಉದ್ದನೆಯ ತೆಳು ಉಳಿ, ಒಂದು ಟಾರ್ಚು ತಂದಿದ್ದರು. ಬೆಳಿಗ್ಗೆಯಿಂದ ಮಾತಿಲ್ಲದೆ ಕೆಲಸ ಮಾಡಿದರು. ಗೋಡೆಗೆ ಕಿವಿ ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಒಂದು ಹೆಜ್ಜೆ ಸರಿಯುವುದು, ಮತ್ತೆ ತಟ್ಟುವುದು. ನನ್ನ ಕೆಲಸವನ್ನೇ ನನಗಿಂತ ದೊಡ್ಡ ಮೇಜಿನ ಮೇಲೆ ಮಾಡುತ್ತಿರುವ ಮನುಷ್ಯನೊಬ್ಬನನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ನಾನೂ ಅವರ ಹಿಂದೆಯೇ ಹೋಗಿ, ಅವರು ತಟ್ಟಿದಲ್ಲೆಲ್ಲ ಒಮ್ಮೆ ತಟ್ಟಿದೆ. ಸ್ವಲ್ಪ ಹೊತ್ತು ಸಹಿಸಿಕೊಂಡು ಕೊನೆಗೆ ರಾಯರು, "ನೀವು ಆ ಬಾವಿಯ ಕಟ್ಟೆಯನ್ನು ನೋಡಿ ಬನ್ನಿ, ನಿಧಾನವಾಗಿ" ಎಂದು ನನ್ನನ್ನು ಕಳುಹಿಸಿದರು.

ನಾನು ಹಿಂದಿರುಗುವ ಹೊತ್ತಿಗೆ ಅವರು ಮುಂದಿನ ಕೋಣೆಯಲ್ಲಿ ಏಣಿ ಹತ್ತಿ ನಿಂತಿದ್ದರು. ಆ ಕೋಣೆಯ ಅಡ್ಡಕ್ಕೆ ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ. ಮಾಡಿನ ಭಾರವೆಲ್ಲ ಅದರ ಮೇಲೆ. ಮುನಿವೆಂಕಟಣ್ಣನವರು ಮಾರುವುದಕ್ಕೆಂದು ಅದಕ್ಕೆ ಹೊಸದಾಗಿ ಕಂದು ಬಣ್ಣ ಹೊಡೆಸಿದ್ದರು, ಹೊಳೆಯುತ್ತಿತ್ತು. ರಾಯರು ತೊಲೆಯ ಒಂದು ತುದಿಯಲ್ಲಿ, ಅದು ಗೋಡೆಯೊಳಗೆ ಸೇರುವಲ್ಲಿ, ಉಳಿಯ ಮೊನೆಯನ್ನು ಇಟ್ಟು ಬೆರಳಿನಿಂದ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ. ಉಳಿ ಹಿಡಿಯವರೆಗೂ ಒಳಗೆ ಹೋಯಿತು, ಬೆಣ್ಣೆಯಲ್ಲಿ ಹೋದ ಹಾಗೆ. ಅವರು ಅದನ್ನು ಹೊರಗೆ ಎಳೆದಾಗ ಮಣ್ಣಿನ ಬಣ್ಣದ ಪುಡಿ ಸುರಿದು ಕೆಳಗಿನ ಮಂಚದ ಹಾಸಿಗೆಯ ಮೇಲೆ, ದಿಂಬಿನ ಪಕ್ಕದಲ್ಲಿ ಬಿತ್ತು. ರಾಯರು ಏಣಿ ಇಳಿದು ಕನ್ನಡಕ ಒರೆಸಿಕೊಂಡರು. "ಗೋಡೆ ಚೆನ್ನಾಗಿದೆ, ಪಾಯ ಚೆನ್ನಾಗಿದೆ. ಉಳಿದ ಮರವೂ ಪರವಾಗಿಲ್ಲ. ಹೆಂಚು ಸೋರಿ ಈ ತುದಿ ನೆಂದಿದೆ, ಗೆದ್ದಲು ತಿಂದು ಮುಗಿಸಿದೆ. ಈಗ ಇದನ್ನು ಹಿಡಿದಿರುವುದು ಬಣ್ಣ. ತೊಲೆ ಬದಲಾಯಿಸಿದರೆ ಮನೆ ನಿಮ್ಮ ಮೊಮ್ಮಕ್ಕಳವರೆಗೂ ನಿಲ್ಲುತ್ತದೆ, ತೆಗೆದುಕೊಳ್ಳಿ. ಆದರೆ ಅದೆಲ್ಲಕ್ಕಿಂತ ಮೊದಲು ಈ ಮಂಚವನ್ನು ಇಲ್ಲಿಂದ ತೆಗೆಸಿ. ಮಳೆ ಬಂದು ಹೆಂಚು ನೆಂದು ಭಾರವಾದರೆ ಇದು ನಿಲ್ಲುವುದಿಲ್ಲ" ಎಂದರು.

ಆಗ ಏಪ್ರಿಲ್ ತಿಂಗಳು. ದಿನವೂ ಸಂಜೆಯ ಹೊತ್ತು ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು.

ನಾನು ವರಾಂಡಕ್ಕೆ ಹೋಗಿ ಮುನಿವೆಂಕಟಣ್ಣನವರಿಗೆ ರಾಯರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ತಲೆದೂಗಿದರು. ಆಮೇಲೆ ಹೆಗಲಿನ ಟವಲು ತೆಗೆದು ತಮ್ಮ ಬಲಗೈಯ ಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದರು.

"ಇಡೀರಿ ಸಾರ್. ಎಷ್ಟು ಇಳಿಸ್ಬೇಕು ಅಂತೀರಿ?"

"ಇಳಿಸೋದು ಬೇಡ. ಮಂಚ ಅಲ್ಲಿಂದ ತೆಗೀರಿ ಅಂತಿದೀನಿ. ಆ ತೊಲೆ ಬೀಳುತ್ತೆ."

"ಏ, ಸಕ್ಕತ್ತಾಗ್ ಏಳಿದ್ರಿ! ಇಷ್ಟ್ ವರ್ಸ ಸಂತೆ ಮಾಡಿವ್ನಿ, ಸುಳಿ ಸರಿಯಿಲ್ಲ ಅಂದೋರವ್ರೆ, ಕುಂಟ್ತದೆ ಅಂದೋರವ್ರೆ. ನಿನ್ ತಲೆ ಮೇಲೇ ಬೀಳ್ತದೆ ಅಂದೋರು ನೀವೊಬ್ರೇ."

"ನಾನು ವ್ಯಾಪಾರ ಮಾಡ್ತಿಲ್ಲ ಮುನಿವೆಂಕಟಣ್ಣ. ನೀವು ಹೇಳಿದ ಬೆಲೆಗೇ ತಗೋತೀನಿ. ಮಂಚ ಮಾತ್ರ ತೆಗೀರಿ."

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಚೌಕಾಸಿಲ್ಲದೆ ಕೊಳ್ಳುತ್ತೇನೆಂದ ಕೂಡಲೇ ಅವರ ಮುಖದ ನಗು ಹೋಗಿ ಅನುಮಾನ ಬಂತು. ಅದಕ್ಕೂ ಮೇಲಿನ ಯಾವುದೋ ಪಟ್ಟು ನನ್ನ ಹತ್ತಿರ ಇದೆ, ಅದು ತಮಗೆ ತಿಳಿಯುತ್ತಿಲ್ಲ ಎಂದು ಅವರು ಭಾವಿಸಿದರು. "ಬುಡಿ ಸಾರ್, ನಿಧಾನಕ್ಕೆ ಮಾತಾಡಾಣ" ಎಂದು ಟವಲನ್ನು ಹೆಗಲಿಗೆ ಹಾಕಿಕೊಂಡರು. ಶೇಷಗಿರಿರಾಯರು ಹೊರಗೆ ಬಂದು, ತೊಲೆಯ ಕೆಳಗೆ ಆಸರೆಗೆ ಕನಿಷ್ಠ ಎರಡು ಊರೆಗಂಬಗಳನ್ನಾದರೂ ಕೊಡಿಸಿ ಎಂದರು. ಅದಕ್ಕೂ ಒಪ್ಪಲಿಲ್ಲ. "ಊರೆ ಕೊಟ್ರೆ ಬೇರೆ ಗಿರಾಕಿ ನೋಡಿ ಏನಂದ್ಕಂತಾನೆ? ಕುಂಟೋ ಅಸೂಗೆ ನಾನೇ ಕೋಲು ಕೊಟ್ಟಂಗೆ ಆಯ್ತದೆ" ಎಂದರು. ನಾವು ಗೇಟು ದಾಟುವಾಗ ಹಿಂತಿರುಗಿ ನೋಡಿದೆ. ಅವರು ಮಧ್ಯಾಹ್ನದ ನಿದ್ದೆಗೆಂದು ಒಳಗೆ ಹೋಗಿ, ದಿಂಬಿನ ಪಕ್ಕದ ಪುಡಿಯನ್ನು ಕೈಯಿಂದ ಕೊಡವಿ, ಮಲಗಿಕೊಂಡರು. ಕಿಟಕಿಯಲ್ಲಿ ಅವರ ಪಾದಗಳು ಕಾಣುತ್ತಿದ್ದವು.

ಆ ಪಾದಗಳು ನನ್ನನ್ನು ಬಿಡಲಿಲ್ಲ. ಮಾರನೆಯ ದಿನ ಕಾರ್ಖಾನೆಯಲ್ಲಿ ಕವಚ ತಟ್ಟಿದರೆ ಸದ್ದು ಕೇಳಿಸುತ್ತಿರಲಿಲ್ಲ. ಮಧ್ಯಾಹ್ನದ ಸೈರನ್ ಕೂಗಿದರೆ ಅವರು ಈಗ ಊಟಕ್ಕೆ ಕುಳಿತಿರುತ್ತಾರೆ, ಈಗ ಕೈ ತೊಳೆಯುತ್ತಿರುತ್ತಾರೆ, ಈಗ ಮಂಚ ಹತ್ತಿದರು ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಮಧ್ಯಾಹ್ನ ದಪ್ಪ ದಪ್ಪ ಹನಿ ಬಿದ್ದು ಕೂಡಲೇ ನಿಂತಾಗ ರಜೆ ಹಾಕಿ ಸ್ಕೂಟರಿನಲ್ಲಿ ಹೋಗಿ ನೋಡಿ ಬಂದೆ. ಅವರು ಗೊರಕೆ ಹೊಡೆಯುತ್ತಿದ್ದರು. ನಾನು ಕಿಟಕಿಯ ಹೊರಗೆ ನಿಂತು ತೊಲೆಯನ್ನೂ ಅವರನ್ನೂ ನೋಡಿದೆ. ಎಚ್ಚರವಾಗಿ ನನ್ನನ್ನು ಕಂಡು, "ಏನ್ ಸಾರ್, ಮನೆ ಮೇಲೆ ಅಷ್ಟೊಂದು ಆಸೆ ಅತ್ಬುಡ್ತಾ?" ಎಂದು ನಕ್ಕರು. ಆಸೆ ಹತ್ತಿದವನು ಬೆಲೆ ಇಳಿಸಲು ಏನು ಬೇಕಾದರೂ ಹೇಳುತ್ತಾನೆ ಎಂಬುದು ಅವರಿಗೆ ಅಂದು ಇನ್ನಷ್ಟು ಖಚಿತವಾಯಿತು. ನಾನು ಎಷ್ಟು ಸಲ ಹೇಳಿದೆನೋ ಅಷ್ಟು ಸಲ ಅವರ ನಂಬಿಕೆ ಗಟ್ಟಿಯಾಯಿತು. ನನ್ನ ವೃತ್ತಿಜೀವನದಲ್ಲಿ ನಾನು ಹಾಕಿದ ಕೆಂಪು ಚೀಟಿಯನ್ನು ಯಾರೂ ಹೀಗೆ ಮೆಚ್ಚಿ ಬದಿಗಿಟ್ಟಿರಲಿಲ್ಲ.

ಶನಿವಾರ ನಾನು ತಟ್ಟೆಯ ಮುಂದೆ ಕುಳಿತು ಅನ್ನ ಕಲಸುತ್ತಲೇ ಇದ್ದೆ. ಗಿರಿಜಾ ನೋಡಿ ನೋಡಿ, "ನೀವು ಮನೆ ಬಗ್ಗೆ ಮಾತಾಡೋದು ಬಿಡ್ರಿ. ಮಂಚದ ಬಗ್ಗೆ ಮಾತಾಡಿ" ಅಂದಳು.

"ಮಂಚದ ಬಗ್ಗೇನೇ ಅಲ್ಲವೇ ನಾನು ಹೇಳ್ತಿರೋದು?"

"ತೆಗೀರಿ ಅಂತ ಹೇಳ್ತಿದೀರಿ. ಕೊಡ್ತೀರಾ ಅಂತ ಕೇಳಿಲ್ಲ. ಮುಂಗಡ ಇಸ್ಕೊಂಡ ಹಸೂನ ಒಂದು ಲೋಟ ಹಾಲೂ ಕರ್ಕೊಳ್ಳಲ್ಲ ಅಂತ ಆ ಮನುಷ್ಯ ಅವತ್ತು ಹೇಳ್ಲಿಲ್ವಾ? ಮಾರಿದ ಮಂಚದ ಮೇಲೆ ಮಲಗ್ತಾರಾ?"

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಹೋದೆವು. ದಾರಿಯಲ್ಲಿ ಗಿರಿಜಾ ನನಗೆ ಒಂದೇ ಸೂಚನೆ ಕೊಟ್ಟಿದ್ದಳು: ಬಾಯಿ ಬಿಡಬಾರದು. ಮುನಿವೆಂಕಟಣ್ಣನವರು ಮಂಚದ ಮೇಲೆಯೇ ಕುಳಿತು ಪೇಪರು ನೋಡುತ್ತಿದ್ದರು. ಗಿರಿಜಾ ಮನೆಯ ಸುದ್ದಿಯನ್ನೇ ಎತ್ತಲಿಲ್ಲ. ಮಂಚದ ಸುತ್ತ ಒಂದು ಸುತ್ತು ಬಂದಳು. "ಇದನ್ನ ಕೊಡ್ತೀರೇನಣ್ಣ? ಮನೆ ವಿಚಾರ ಆಮೇಲೆ ಆಗ್ಲಿ, ಮೊದ್ಲು ಇದು ಬೇಕು ನಂಗೆ" ಅಂದಳು. ಕೊಡುವ ಮನಸ್ಸಿಲ್ಲವೆಂದು ಅವರು ಹೇಳಿದರು. ಹಾಗಾದರೆ ಬೇಡ ಬಿಡಿ, ಹಳೇದು, ಎಂದು ಅವಳು ಶುರು ಮಾಡಿದಳು. ಕೆತ್ತನೆ ಮೊಂಡಾಗಿದೆ. ಒಂದು ಕಾಲು ಅಲ್ಲಾಡುತ್ತದೆ. ತೇಗ ಅಂತೀರಿ, ನೋಡಿದರೆ ಹೊನ್ನೆ ಇದ್ದಂಗಿದೆ. ಸತ್ತುಹೋದ ಸಾಹೇಬರು ಮಲಗಿದ್ದ ಮಂಚ, ನಮ್ಮತ್ತೆ ಒಪ್ಪುತ್ತಾರೋ ಇಲ್ಲವೋ. ಮಂಚ ಅಪ್ಪಟ ತೇಗ, ಕೆತ್ತನೆ ನಿನ್ನೆ ಮಾಡಿದ ಹಾಗಿದೆ, ಕಾಲುಗಳು ನಾಲ್ಕೂ ಕಂಬದಂತೆ ನಿಂತಿವೆ. ನಾನು ದಿನವೂ ಹುಡುಕುವಂಥ ಒಂದೇ ಒಂದು ದೋಷವೂ ಆ ವಸ್ತುವಿನಲ್ಲಿ ಇರಲಿಲ್ಲ. ನನ್ನ ಹೆಂಡತಿ ನನ್ನ ಎದುರಿಗೇ, ಕಣ್ಣು ಮಿಟುಕಿಸದೆ, ಒಂದಾದ ಮೇಲೊಂದು ಸುಳ್ಳು ಹೇಳುತ್ತಿದ್ದಳು. ನಮ್ಮ ತಲೆಗಳ ಮೇಲೆ ಆ ತೊಲೆ. ನಾನು ಮೇಲೆ ನೋಡಬಾರದೆಂದು ಕೆಳಗೆ ನೋಡಿದೆ.

ಮುನಿವೆಂಕಟಣ್ಣನವರ ಮುಖ ಅರಳುತ್ತ ಬಂತು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರಿಗೆ ನಮ್ಮ ಮನೆಯವರೊಬ್ಬರ ಮಾತು ಪೂರ್ತಿ ಅರ್ಥವಾಗಿತ್ತು. "ನೋಡಿ ಸಾರ್, ಇದು ವ್ಯಾಪಾರ! ನಮ್ಮಕ್ಕಂಗೆ ಗೊತ್ತೈತೆ" ಎಂದು ಮಂಚದಿಂದ ಇಳಿದು, ಟವಲು ಹಾಸಿ ನನ್ನ ಕೈ ಎಳೆದುಕೊಂಡರು. ಹೆಂಗಸಿನ ಕೈ ಹಿಡಿದು ವ್ಯಾಪಾರ ಮಾಡುವಂತಿಲ್ಲವಲ್ಲ. ಟವಲಿನ ಕೆಳಗೆ ಅವರು ನನ್ನ ಬೆರಳುಗಳನ್ನು ಹಿಡಿಯುವುದು, ಗಿರಿಜಾ ಮೇಲೆ ತಲೆಯಾಡಿಸುವುದು, ನಾನು ನಡುವೆ ನಿಂತಿರುವುದು. ಕೊನೆಗೆ ಯಾವುದೋ ಎರಡು ಬೆರಳಿಗೆ ವ್ಯಾಪಾರ ಕುದುರಿತು. ಎಷ್ಟಕ್ಕೆಂದು ನನಗೆ ಗಿರಿಜಾ ದುಡ್ಡು ಎಣಿಸಿ ಕೊಡುವಾಗಲೇ ತಿಳಿದದ್ದು. ಟೆಂಪೋ ಗೇಟಿನ ಹೊರಗೇ ಕಾಯುತ್ತಿತ್ತು. ಆಳುಗಳು ಮಂಚವನ್ನು ಬಿಚ್ಚಿ ಭಾಗ ಭಾಗವಾಗಿ ಹೊತ್ತುಕೊಂಡು ಹೋದರು. ಕೆಂಪು ನೆಲದ ಮೇಲೆ ನಾಲ್ಕು ಕಾಲುಗಳ ನಾಲ್ಕು ಗುರುತು ಉಳಿಯಿತು.

"ಇವತ್ತಿಂದ ಚಾಪೆಯೇ ಗತಿ" ಎಂದು ಮುನಿವೆಂಕಟಣ್ಣನವರು ಆ ನಾಲ್ಕು ಗುರುತುಗಳ ನಡುವೆ ನಿಂತು ಹೇಳಿದರು. ಇದನ್ನು ನಾವು ಯೋಚಿಸಿರಲಿಲ್ಲ. ಗಿರಿಜಾ ಸೆರಗು ಸರಿ ಮಾಡಿಕೊಳ್ಳುತ್ತ, "ನೆಲದ ಮೇಲೆ ಮಲಗಿದ್ರೆ ನಿಮ್ಮ ಸೊಂಟ ಏಳುತ್ತಾ ಅಣ್ಣ? ವರಾಂಡದಲ್ಲಿ ಆ ಮರದ ಬೆಂಚು ಐತಲ್ಲ, ಗಾಳೀನೂ ಬರುತ್ತೆ" ಅಂದಳು. ಅವರು ಸೊಂಟ ಮುಟ್ಟಿ ನೋಡಿಕೊಂಡರು. "ಅದೂ ಸರಿಯೇ" ಅಂದರು.

ಮುಂದಿನ ವಾರ ಮಳೆ ಬಂತು. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನಕ್ಕೆ ಬಿಟ್ಟಿತು. ಮನೆಯ ವಿಚಾರ ಮಾತಾಡಲೆಂದು ನಾನು ಹೋದಾಗ ಅವರು ವರಾಂಡದ ಬೆಂಚಿನ ಮೇಲೆ ಅಂಗಾತ ಮಲಗಿ ಟವಲಿನಿಂದ ಮುಖ ಮುಚ್ಚಿಕೊಂಡಿದ್ದರು. ಉಸಿರಿಗೆ ಟವಲು ಏಳುತ್ತಿತ್ತು, ಇಳಿಯುತ್ತಿತ್ತು. ಎಬ್ಬಿಸುವುದು ಬೇಡವೆಂದು ನಾನು ಮೆಟ್ಟಿಲ ಮೇಲೆ ಕುಳಿತೆ. ಮಾವಿನ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಂತರ ಆದದ್ದನ್ನು ನಾನು ಕಂಡ ಹಾಗೆಯೇ ಹೇಳುತ್ತೇನೆ, ಏಕೆಂದರೆ ಕಂಡವನು ನಾನೊಬ್ಬನೇ. ಮೊದಲು ಬಂದದ್ದು ದೊಡ್ಡ ಸದ್ದಲ್ಲ. ಒಳಗೆ ಯಾರೋ ಹಳೆಯ ಪಂಚೆಯನ್ನು ಉದ್ದಕ್ಕೆ ಹರಿದ ಹಾಗಿತ್ತು. ನಾನು ತೆರೆದ ಬಾಗಿಲಿನೊಳಗೆ ನೋಡಿದೆ. ತೊಲೆಯ ಆ ತುದಿ ಗೋಡೆಯಿಂದ ಅವಸರವಿಲ್ಲದೆ ಹೊರಗೆ ಬರುತ್ತಿತ್ತು, ನೀರು ಸೇದುವವನು ಬಾವಿಯಿಂದ ಹಗ್ಗ ಎಳೆದುಕೊಂಡ ಹಾಗೆ. ಅರ್ಧದಲ್ಲಿ ಒಮ್ಮೆ ನಿಂತಿತು. ನಿಂತಿತಲ್ಲ ಎಂದು ನಾನು ಅಂದುಕೊಳ್ಳುವಷ್ಟು ಹೊತ್ತು ನಿಂತಿತು. ಆಮೇಲೆ ಬಿತ್ತು. ಅದರ ಹಿಂದೆ ಜಂತೆಗಳು, ಜಂತೆಗಳ ಹಿಂದೆ ಹೆಂಚುಗಳು. ಧೂಳು ಬಾಗಿಲಿನಿಂದ ಹೊರಗೆ ಬಂದು ನಮ್ಮಿಬ್ಬರನ್ನೂ ದಾಟಿ ಅಂಗಳಕ್ಕೆ ಹೋಯಿತು. ವರಾಂಡದ ಮಾಡು ಬೇರೆಯ ಕಂಬಗಳ ಮೇಲಿತ್ತು, ಅಲುಗಲಿಲ್ಲ.

ಮುನಿವೆಂಕಟಣ್ಣನವರು ಎದ್ದು ಕುಳಿತರು. ಧೂಳು ಇಳಿದ ಮೇಲೆ ಅವರು ಬಾಗಿಲವರೆಗೆ ಹೋಗಿ ಚೌಕಟ್ಟು ಹಿಡಿದು ನಿಂತರು. ನಾನೂ ಅವರ ಪಕ್ಕ ನಿಂತೆ. ಮಾಡಿನ ತೂತಿನಿಂದ ಬಿಸಿಲು ನೇರವಾಗಿ ಒಳಗೆ ಬಿದ್ದಿತ್ತು. ನೆಲದ ಮೇಲಿನ ನಾಲ್ಕು ಗುರುತುಗಳಲ್ಲಿ ಎರಡು ಕಾಣುತ್ತಿದ್ದವು. ಉಳಿದೆರಡರ ಮೇಲೆ, ತಲೆಯ ಕಡೆ, ತೊಲೆ ಬಿದ್ದಿತ್ತು.

ಅವರು ನನ್ನ ಕಡೆ ತಿರುಗದೆಯೇ ಟವಲನ್ನು ಕೈಯ ಮೇಲೆ ಹಾಕಿಕೊಂಡು ಚಾಚಿದರು. ನಾನು ಅದರ ಕೆಳಗೆ ಕೈ ಇಟ್ಟೆ. ಈ ಸಲ ಅವರು ಬೆರಳು ಹಿಡಿಯಲಿಲ್ಲ. ನನ್ನ ಇಡೀ ಕೈಯನ್ನು ಹಿಡಿದುಕೊಂಡರು.

"ಅಕ್ಕ ಮಂಚ ಕೇಳಿದ್ದು ಇದ್ಕೇನಾ?" ಎಂದು ಅವರು ಕೇಳಿದರು.

"ಹೌದು."

"ಕಾಲು ಅಲ್ಲಾಡ್ತದೆ ಅಂದಿದ್ದೂ?"

"ಅದು ಸುಳ್ಳು. ಮಂಚ ಚೆನ್ನಾಗಿದೆ. ಸುಮ್ಮನೆ ಹಳಿದಳು."

ಅವರು ತಲೆದೂಗಿದರು. "ಅಕ್ಕ ಸುಳ್ಳು ಏಳುದ್ರು, ನಂಬಿದೆ. ನೀವು ನಿಜ ಏಳುದ್ರಿ, ನಗಾಡ್ದೆ" ಎಂದರು. ಆಮೇಲೆ, "ಆದ್ರೂ ಸಾರ್, ನೀವು ಏಳಿದ್ ರೀತಿ ಸರಿಯಿರ್ಲಿಲ್ಲ" ಎಂದು ಸೇರಿಸಿದರು.

ಮನೆಯನ್ನು ಕೊಂಡೆವು. ಶೇಷಗಿರಿರಾಯರು ನಿಂತು ಹೊಸ ತೊಲೆ ಹಾಕಿಸಿದರು, ಮಾಡು ಕಟ್ಟಿಸಿದರು. ತೊಲೆಯ ಮರವನ್ನು ಮುನಿವೆಂಕಟಣ್ಣನವರೇ ತಮ್ಮ ಹೊಲದ ಬದುವಿನಿಂದ ಕಡಿಸಿ ಒಣಗಿಸಿ ಇಟ್ಟಿದ್ದರಲ್ಲಿ ಕೊಟ್ಟರು, ಯಾವ ಬೆರಳನ್ನೂ ಹಿಡಿಯದೆ. ಮಂಚ ತಿರುಗಿ ಬಂತು. ಗಿರಿಜಾ ಅದನ್ನು ಹಿಂದಿನ ಕೋಣೆಯಲ್ಲಿ, ಗೋಡೆಗೆ ಒತ್ತಿಸಿ ಹಾಕಿಸಿದಳು. ನಾನು ರಾಜನ ಹಾಗೆ ಮಲಗಿದೆ. ಬಾಗಿಲ ಮುಂದೆ ರಂಗೋಲಿ ಬಿತ್ತು. ಬಾವಿಯಲ್ಲಿ ನೀರೂ ಇತ್ತು.

ದಶಕ ಮುಗಿಯುವ ಹೊತ್ತಿಗೆ ನಮ್ಮ ರಸ್ತೆಗೆ ಡಾಂಬರು ಬಂದು, ಡಾಂಬರಿನ ಹಿಂದೆ ಕಾರುಗಳು ಬಂದವು. ಒಂದು ದಿನ ಅಪಾರ್ಟ್‌ಮೆಂಟು ಕಟ್ಟುವ ಸಂಸ್ಥೆಯೊಂದರ ಪ್ರತಿನಿಧಿಯೊಬ್ಬರು ಟೈ ಕಟ್ಟಿಕೊಂಡು ಬಂದು ನಮ್ಮ ಜಾಗವನ್ನು ಕೇಳಿದರು. ಕೊಡುವುದಿಲ್ಲ ಎಂದೆ. ನೋಡಿಯಾದರೂ ಹೋಗುತ್ತೇನೆಂದು ಮನೆಯನ್ನು ಸುತ್ತಿ ಬಂದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಸಾರ್, ಜಾಗದ ಮಾತು ಬಿಡಿ. ಹಿಂದಿನ ಬೆಡ್‌ರೂಮಿನ ಗೋಡೆಯಲ್ಲಿ ಹೊರಗಡೆಯಿಂದ ಒಂದು ಬಿರುಕಿದೆ. ಮಾವಿನ ಬೇರು ಪಾಯದ ಕೆಳಗೆ ಹೋಗಿರಬಹುದು. ಒಮ್ಮೆ ಯಾರಿಗಾದರೂ ತೋರಿಸಿ" ಎಂದರು. ನಾನು ಜೋರಾಗಿ ನಕ್ಕೆ. "ಕೊಳ್ಳೋಕೆ ಬಂದೋರೆಲ್ಲ ಹೀಗೇ ಹೇಳೋದು ಸಾರ್. ನಾನು ತಪ್ಪು ಹುಡುಕೋ ಕೆಲಸದಲ್ಲೇ ಇರೋನು. ನಮ್ಮ ಪಾಯ ಇಂಜಿನಿಯರ್ ನೋಡಿದ ಪಾಯ" ಎಂದೆ. ಅವರು ಪಾಪ, ಕಾರಿನಲ್ಲಿ ಕುಳಿತು ಹೋದರು. ಕಾರು ತಿರುವು ದಾಟಿದ ಮೇಲೂ ನನ್ನ ನಗು ನನ್ನ ಕಿವಿಯಲ್ಲೇ ಇತ್ತು. ಅದನ್ನು ನಾನು ಇದೇ ವರಾಂಡದಲ್ಲಿ ಮೊದಲೊಮ್ಮೆ ಕೇಳಿದ್ದೆ, ಬೇರೆಯವರ ಬಾಯಿಂದ.

ಒಳಗಿನಿಂದ ಗಿರಿಜಾ ಕೇಳಿದಳು: "ಏನ್ರಿ, ಮಂಚಕ್ಕೆ ಗಿರಾಕಿ ಹುಡುಕ್ಲಾ?"

ನಾನು ಹಿಂದಿನ ಕೋಣೆಗೆ ಹೋಗಿ ಮಂಚದ ಒಂದು ತುದಿ ಹಿಡಿದೆ. ಅವಳು ಬಂದು ಇನ್ನೊಂದು ತುದಿ ಹಿಡಿದಳು. ಗೋಡೆಯಿಂದ ಬಿಡಿಸಿ ಎತ್ತಿದ ಕೂಡಲೇ, ಇಷ್ಟು ವರ್ಷ ಗೋಡೆಯ ಕಡೆಗಿದ್ದ ಕಾಲು ಅದರ ಗೂಡಿನಲ್ಲಿ ಕಟಕ್ ಎಂದು ಆಚೆ ಈಚೆ ಆಡಿತು. ನಾನು ಮಂಚವನ್ನು ಇಳಿಸಿ ಬಗ್ಗಿ ನೋಡಿದೆ. ಕೈಯಿಂದ ಹಿಡಿದು ಅಲ್ಲಾಡಿಸಿದೆ. ಅಲ್ಲಾಡಿತು. ಹಳೆಯ ಸಡಿಲು, ಒಳಗಿನ ಬೆಣೆ ಸವೆದು ನುಣುಪಾಗಿತ್ತು.

"ಅವತ್ತೇ ಹೇಳಿದ್ನಲ್ಲ" ಅಂದಳು ಗಿರಿಜಾ. "ಸುಳ್ಳು ಹೇಳ್ದೆ ಅಂದ್ಕೊಂಡಿದ್ರಾ? ಎತ್ರಿ."